ಸೋರುವ ಪೆಟ್ರೋಲ್ ಕಾಕ್‌ಗೆ ಮರುಜೀವ

ಹಳೆಯ ಮೋಟಾರ್ ಸೈಕಲ್ಲುಗಳಲ್ಲಿ ಟ್ಯಾಂಕಿನ ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬೊರೇಟರಿಗೆ ಇಳಿಯುತ್ತದೆ. ನಡುವೆ ಪಂಪು ಇರುವುದಿಲ್ಲ. ಈ ಹರಿವನ್ನು ಬಿಡುವುದೂ ತಡೆಯುವುದೂ ಟ್ಯಾಂಕಿನ ತಳಕ್ಕೆ ಕೂರಿಸಿದ ಪುಟ್ಟ ನಲ್ಲಿಯ ಕೆಲಸ. ಗ್ಯಾರೇಜುಗಳಲ್ಲಿ ಅದನ್ನು ಪೆಟ್ರೋಲ್ ಕಾಕ್ ಅಥವಾ ಪೆಟ್ರೋಲ್ ಟ್ಯಾಪ್ ಎನ್ನುತ್ತಾರೆ. ಆನ್, ಆಫ್, ರಿಸರ್ವ್ ಎಂದು ಅದಕ್ಕೆ ಮೂರು ಸ್ಥಾನ. ಕಾಕ್‌ನ ಮೇಲ್ತುದಿಯಿಂದ ಸಣ್ಣ ಕೊಳವೆಯೊಂದು ಟ್ಯಾಂಕಿನೊಳಗೆ ಎದ್ದು ನಿಂತಿರುತ್ತದೆ. ಆನ್ ಮಾಡಿದಾಗ ಪೆಟ್ರೋಲು ಆ ಕೊಳವೆಯ ಬಾಯಿಂದ ಬರುತ್ತದೆ, ರಿಸರ್ವ್‌ಗೆ ತಿರುಗಿಸಿದಾಗ ಅದರ ಬುಡದ ತೂತಿನಿಂದ. ಕೊಳವೆಯ ಎತ್ತರಕ್ಕಿಂತ ಕೆಳಗೆ ಉಳಿಯುವ ಪೆಟ್ರೋಲೇ ರಿಸರ್ವ್.

ಕರ್ನಾಟಕದಲ್ಲಿ ಇಂಥ ಬೈಕುಗಳ ಮಾತು ಬಂದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನೆಯಲೇಬೇಕು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ 1970ರ ದಶಕದಲ್ಲಿ ತನ್ನ ಬೈಕುಗಳಿಗೆ ಯೆಜ್ಡಿ ಎಂದು ಹೆಸರಿಟ್ಟಿತು, 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಟೂ ಸ್ಟ್ರೋಕ್ ಬೈಕುಗಳಲ್ಲಿ ತೀರಾ ಈಚಿನವಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಎಂಜಿನ್ನು ಗಟ್ಟಿಯಾಗಿದ್ದರೂ ಕಾಕ್‌ನೊಳಗಿನ ರಬ್ಬರಿಗೆ ಅಷ್ಟು ಆಯಸ್ಸಿಲ್ಲ. ಮಳೆಗಾಲವಿಡೀ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ನಿಂತ ಬೈಕಿನ ಅರೆಖಾಲಿ ಟ್ಯಾಂಕಿನಲ್ಲಿ ತೇವ ಕೂಡಿ ನೀರಾಗುತ್ತದೆ. ಪೆಟ್ರೋಲಿಗಿಂತ ಭಾರವಾದ ನೀರು ತಳ ಸೇರಿ ತುಕ್ಕೆಬ್ಬಿಸುತ್ತದೆ. ತುಕ್ಕಿನ ಪುಡಿ ನೇರವಾಗಿ ಇಳಿಯುವುದು ಕಾಕ್‌ಗೆ. ಎಥೆನಾಲ್ ಇದಕ್ಕೆ ಹೊಸ ಸೇರ್ಪಡೆ: ದೇಶದ ಪೆಟ್ರೋಲಿನಲ್ಲಿ ಅದರ ಪಾಲು 2022ರಲ್ಲಿ ಶೇ 10ಕ್ಕೆ, 2025ರ ಹೊತ್ತಿಗೆ ಶೇ 20ಕ್ಕೆ ಏರಿತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಿಂದಿನ ಕಾಲದ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ.

ಸೋರಿಕೆಯನ್ನು ಕಡೆಗಣಿಸಿದರೆ ಪೆಟ್ರೋಲಿನ ಖರ್ಚಷ್ಟೇ ಅಲ್ಲ, ಬೇರೆ ನಷ್ಟವೂ ಇದೆ. ಆಫ್ ಮಾಡಿದರೂ ಕಾಕ್ ಒಳಗೊಳಗೇ ಬಿಡುತ್ತಿದ್ದು, ಕಾರ್ಬೊರೇಟರಿನ ಫ್ಲೋಟ್ ಸೂಜಿಯೂ ಸವೆದಿದ್ದರೆ, ರಾತ್ರಿಯಿಡೀ ಇಳಿದ ಪೆಟ್ರೋಲು ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿಕೊಳ್ಳಬಹುದು. ಬೆಳಿಗ್ಗೆ ಎಷ್ಟು ಒದ್ದರೂ ಬೈಕು ಎದ್ದೇಳದು. ಫೋರ್ ಸ್ಟ್ರೋಕ್ ಬೈಕಿನಲ್ಲಾದರೆ ಪೆಟ್ರೋಲು ಎಂಜಿನ್ ಆಯಿಲ್ ಸೇರಿ ಅದನ್ನು ತೆಳುವಾಗಿಸುತ್ತದೆ. ಬೇರಿಂಗುಗಳಿಗೆ ಅದು ಕೇಡು. ಗಾಡಿ ನಿಲ್ಲಿಸಿದೊಡನೆ ಕಾಕ್ ಆಫ್ ಮಾಡುವ ಹಳಬರ ಅಭ್ಯಾಸ ಬಂದದ್ದು ಇದರಿಂದಲೇ.

ರಿಪೇರಿಗೆ ಕೈಹಾಕುವ ಮೊದಲು ಸೋರುವ ಜಾಗವನ್ನು ಪತ್ತೆಹಚ್ಚಬೇಕು. ಕೆಲಸದ ಅರ್ಧ ಭಾಗ ಇದೇ, ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಕಾಕ್ ಅನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ಸ್ವಲ್ಪ ಹೊತ್ತು ನೋಡುತ್ತಿದ್ದರೆ ಒದ್ದೆ ಎಲ್ಲಿಂದ ಹುಟ್ಟುತ್ತದೆಂದು ಕಾಣುತ್ತದೆ. ಟ್ಯಾಂಕಿಗೆ ಸೇರುವಲ್ಲಾದರೆ ಅಲ್ಲಿನ ವಾಷರ್ ಹೋಗಿದೆ. ಹಿಡಿಯ ಸುತ್ತಲಾದರೆ ಒಳಗಿನ ಸೀಲ್ ಅಥವಾ ಅದನ್ನು ಒತ್ತಿಹಿಡಿಯುವ ಸ್ಪ್ರಿಂಗ್ ವಾಷರ್ ಸೋತಿದೆ. ಕಾಕ್‌ನ ಕೆಳಗೆ ಕಸ ಕೂರುವ ಬಟ್ಟಲಿನ ಅಂಚಿನಲ್ಲಾದರೆ ಅದರ ಗ್ಯಾಸ್ಕೆಟ್. ಹೊರಗೆಲ್ಲೂ ಒದ್ದೆ ಕಾಣದಿದ್ದರೆ, ಕಾರ್ಬೊರೇಟರಿನ ಕಡೆಯಿಂದ ಪೈಪು ಕಿತ್ತು, ಅದರ ತುದಿಗೆ ಪಾತ್ರೆಯೊಂದನ್ನಿಟ್ಟು, ಕಾಕ್ ಆಫ್ ಮಾಡಿ ಕೆಲವು ಗಂಟೆ ಬಿಡಬೇಕು. ಪಾತ್ರೆಯಲ್ಲಿ ತೊಟ್ಟು ಬಿದ್ದಿದ್ದರೆ ತಪ್ಪು ಸೀಲಿನದು.

ಎಂಜಿನ್ ತಣ್ಣಗಾದ ಮೇಲೆ, ಗಾಳಿಯಾಡುವ ಬಯಲಲ್ಲಿ ಟ್ಯಾಂಕ್ ಖಾಲಿ ಮಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಬೀಡಿ, ಒಲೆ, ಸ್ವಿಚ್ಚು ಯಾವುದೂ ಹತ್ತಿರವಿರಕೂಡದು. ನೀರಿನ ಮೇಲೆ ಪೆಟ್ರೋಲು ತೇಲುವುದರಿಂದ ಪಕ್ಕದಲ್ಲಿರಬೇಕಾದದ್ದು ನೀರಲ್ಲ, ಮರಳಿನ ಬಕೆಟ್ಟು.

ಹಿಡಿಯ ಮಾದರಿಯ ಕಾಕ್‌ನಲ್ಲಿ ಮುಂದಿನ ಎರಡು ಸಣ್ಣ ಸ್ಕ್ರೂ ಬಿಚ್ಚಿದರೆ ತಗಡು, ಅಲೆಯಾಕಾರದ ಸ್ಪ್ರಿಂಗ್ ವಾಷರ್, ಹಿಡಿ, ತೂತುಗಳಿರುವ ರಬ್ಬರ್ ಸೀಲ್ ಒಂದರ ಹಿಂದೊಂದು ಹೊರಬರುತ್ತವೆ. ಬಂದ ಕ್ರಮದಲ್ಲೇ ಜೋಡಿಸಿಟ್ಟರೆ ಮರಳಿ ಕೂರಿಸುವಾಗ ಗೊಂದಲವಾಗದು. ವರ್ಷಗಟ್ಟಲೆ ಒತ್ತಡದಲ್ಲಿದ್ದ ರಬ್ಬರು ಚಪ್ಪಟೆಯಾಗಿ, ಬಿರುಸಾಗಿ, ತೂತಿನ ಸುತ್ತ ಹಿಡಿಯ ಅಚ್ಚು ಮೂಡಿಸಿಕೊಂಡಿರುತ್ತದೆ. ಅದನ್ನು ಮಗುಚಿ ಹಾಕಿದರೆ ಕೆಲವು ದಿನ ತಳ್ಳಬಹುದು, ಅಷ್ಟೇ. ಹೊಸದು ಕೊಳ್ಳುವಾಗ ಎಥೆನಾಲ್ ತಾಳುವ ವೈಟಾನ್ ರಬ್ಬರಿನದು ಸಿಕ್ಕರೆ ಅದನ್ನೇ ಆರಿಸಬೇಕು. ಇನ್ನೂ ಹಳೆಯ, ಎಳೆದು ಒತ್ತುವ ಮಾದರಿಗಳಲ್ಲಿ ಬೆಂಡಿನಂಥ ಕಾರ್ಕ್ ಇರುತ್ತದೆ. ಒಣಗಿ ಕುಗ್ಗಿದ ಕಾರ್ಕನ್ನು ಬಿಸಿನೀರಿನಲ್ಲಿ ನೆನೆಹಾಕಿ ಉಬ್ಬಿಸುವುದು ಹಳೆಯ ಕೈಚಳಕ. ಬೈಕು ಮತ್ತೆ ಬಹುಕಾಲ ಒಣಗಿ ನಿಂತರೆ ಅದು ಮತ್ತೆ ಕುಗ್ಗುತ್ತದೆ.

ಸೀಲ್ ಬದಲಿಸಿದ ಮೇಲೂ ಕಾಕ್ ಸೋರಿದರೆ ಸಾಮಾನ್ಯವಾಗಿ ಕಾರಣ ಲೋಹದ ಮುಖದ ಮೇಲಿನ ಗೀರು. ತುಕ್ಕಿನ ಪುಡಿ ಸಿಕ್ಕಿಕೊಂಡಾಗ ಹಿಡಿ ತಿರುಗಿಸಿದಷ್ಟೂ ಗೀರು ಆಳವಾಗುತ್ತದೆ. ಗಾಜಿನ ಹಲಗೆಯ ಮೇಲೆ 800 ನಂಬರಿನ, ಆಮೇಲೆ 1000 ನಂಬರಿನ ವಾಟರ್ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಹಿಡಿಯ ಮುಖವನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿದರೆ ಮಟ್ಟಸವಾಗುತ್ತದೆ. ಒಳಗಿನ ದಾರಿಗಳನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದು ಊದಬೇಕು; ಜಾಲರಿ ಹರಿದಿದ್ದರೆ ಬದಲಿಸಬೇಕು. ಸೋತ ಸ್ಪ್ರಿಂಗ್ ವಾಷರಿಗೂ ಹೊಸದೇ ಲೇಸು.

ಜೋಡಣೆಯಲ್ಲಿ ಎರಡು ಅಡ್ಡದಾರಿಗಳಿಂದ ದೂರವಿರಬೇಕು. ಮರೆಗೆ (ಥ್ರೆಡ್ಡಿಗೆ) ಸುತ್ತಿದ ಟೆಫ್ಲಾನ್ ಟೇಪಿನ ಎಳೆಗಳು ಬಿಟ್ಟುಕೊಂಡು ಕಾರ್ಬೊರೇಟರಿನ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಅಂಟು ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ಕಾಕ್ ಟ್ಯಾಂಕಿಗೆ ಸೇರುವಲ್ಲಿ ಹೊಸ ವಾಷರ್ ಇದ್ದರೆ ಸಾಕು. ಕಾಕ್‌ನ ಮೈ ಮೆದು ಲೋಹದ ಎರಕವಾದ್ದರಿಂದ ಸ್ಕ್ರೂಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬಲ ಹಾಕಿದರೆ ಮರೆ ಕಿತ್ತು ಕಾಕ್ ಪೂರ್ತಿ ಹಾಳು.

ಈಚಿನ ಹಲವು ಬೈಕುಗಳ ಕಾಕ್‌ಗೆ ಸ್ಕ್ರೂಗಳ ಬದಲು ರಿವೆಟ್ ಹೊಡೆದಿರುತ್ತಾರೆ. ಅವನ್ನು ಕೊರೆದು ತೆಗೆದು ಹೊಸ ಮರೆ ಕೊಯ್ಯಬಲ್ಲ ಕುಶಲರಿದ್ದಾರಾದರೂ, ಅಂಥಲ್ಲಿ ಹೊಸ ಕಾಕ್ ಹಾಕುವುದೇ ಸರಿ. ಬಿಚ್ಚಬಲ್ಲ ಹಳೆಯ ಕಾಕ್‌ನ ಮಾತು ಬೇರೆ. ಅದರ ಮೈ ಚೆನ್ನಾಗಿದ್ದರೆ ಅಗ್ಗದ ನಕಲಿ ಕಾಕ್ ತರುವುದಕ್ಕಿಂತ ಅದನ್ನೇ ಸರಿಪಡಿಸುವುದು ಮೇಲು.

ಕೂರಿಸಿದ ಮೇಲೆ ಮೊದಲು ಅರ್ಧ ಲೀಟರಿನಷ್ಟು ಪೆಟ್ರೋಲು ಹಾಕಿ, ಕೆಳಗೆ ಕಾಗದ ಹಾಸಿ, ಮೂರೂ ಸ್ಥಾನಗಳಲ್ಲಿ ಹಿಡಿ ತಿರುಗಿಸಿ ನೋಡಬೇಕು. ಅಷ್ಟು ಕಡಿಮೆ ಪೆಟ್ರೋಲಿಗೆ ಆನ್‌ನಲ್ಲಿ ಏನೂ ಬಾರದೆ ರಿಸರ್ವ್‌ನಲ್ಲಿ ಮಾತ್ರ ಬಂದರೆ ಒಳಗಿನ ಕೊಳವೆ ಸರಿಯಾಗಿದೆ ಎಂದರ್ಥ. ಧಾರೆ ಮೊದಲು ಚೆನ್ನಾಗಿ ಬಂದು ಆಮೇಲೆ ಸಣ್ಣಗಾದರೆ ದೋಷ ಸಾಮಾನ್ಯವಾಗಿ ಕಾಕ್‌ನದಲ್ಲ. ಟ್ಯಾಂಕಿನ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿರಬಹುದು. ಅದನ್ನು ಸೂಜಿಯಿಂದ ಬಿಡಿಸಿ, ಬಿರುಕುಬಿಟ್ಟ ಪೈಪು ಕ್ಲಿಪ್ಪುಗಳನ್ನು ಬದಲಿಸಿ, ಟ್ಯಾಂಕ್ ತುಂಬಿಸಿ ಒಂದು ರಾತ್ರಿ ಆಫ್‌ನಲ್ಲಿ ಬಿಟ್ಟು, ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಬೈಕನ್ನು ರಸ್ತೆಗಿಳಿಸಬಹುದು.