ಒಂದು ಯೂನಿಟ್ ಉಳಿಸಿದ್ದಕ್ಕೆ ನೂರು ಡಾಲರ್ ದಂಡ

ಅಮೆರಿಕದ ಡಲ್ಲಾಸಿನಲ್ಲಿರುವ ಮಗಳ ಮನೆಯ ಬಗ್ಗೆ ಓದುಗರೊಬ್ಬರು ಕೇಳಿದ್ದಾರೆ: ‘ಹೋದ ತಿಂಗಳು ಕರೆಂಟ್ ಕಡಿಮೆ ಉರಿಯಿತು, ಬಿಲ್ ಮಾತ್ರ ದುಪ್ಪಟ್ಟು ಬಂತು. ಮೀಟರ್ ಕೆಟ್ಟಿದೆಯೇ?’

ಮೀಟರ್ ಸರಿಯಾಗಿಯೇ ಇರಬೇಕು. ಡಲ್ಲಾಸ್ ಇರುವ ಟೆಕ್ಸಾಸ್ ರಾಜ್ಯ 1999ರಲ್ಲಿ ಕಾನೂನು ಮಾಡಿ, 2002ರ ಜನವರಿಯಿಂದ ಮನೆಮನೆಯ ವಿದ್ಯುತ್ ಮಾರಾಟವನ್ನು ಪೈಪೋಟಿಗೆ ಬಿಟ್ಟಿತು. ಉತ್ಪಾದಿಸುವವರು ಒಬ್ಬರು, ತಂತಿ ಎಳೆದು ಮೀಟರ್ ಓದುವವರು ಇನ್ನೊಬ್ಬರು, ಬಿಲ್ ಕಳಿಸುವ ಮಾರಾಟಗಾರ ಮತ್ತೊಬ್ಬ. ಗ್ರಾಹಕರು ಆರಿಸಿಕೊಳ್ಳಬಹುದಾದದ್ದು ಈ ಕೊನೆಯವನನ್ನು ಮಾತ್ರ. ಆಸ್ಟಿನ್, ಸ್ಯಾನ್ ಆಂಟೋನಿಯೊ ನಗರಗಳಲ್ಲಿ ಅದೂ ಇಲ್ಲ. ಅಲ್ಲಿ ನಗರಾಡಳಿತದ್ದೇ ವಿದ್ಯುತ್ ಸಂಸ್ಥೆ.

‘ಅಗ್ಗದ ಕಂಪನಿಯ ಕರೆಂಟ್ ಪದೇ ಪದೇ ಹೋಗುತ್ತದೆ’ ಎಂಬ ನಂಬಿಕೆಯನ್ನು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಇದು ಶುದ್ಧ ತಪ್ಪು. ಡಲ್ಲಾಸಿನಲ್ಲಿ ಯಾರಿಂದ ಕೊಂಡರೂ ತಂತಿ ಆನ್‌ಕೋರ್ ಸಂಸ್ಥೆಯದೇ. ಕಂಬ ಬಿದ್ದರೆ ಎತ್ತಿ ನಿಲ್ಲಿಸುವವರೂ ಅವರೇ. ಅಷ್ಟಕ್ಕೂ ಯಾವ ಕಂಪನಿಯ ಎಲೆಕ್ಟ್ರಾನೂ ಸ್ಥಾವರದಿಂದ ಹೊರಟು ನಿಮ್ಮ ಬಲ್ಬಿನವರೆಗೆ ಬರುವುದಿಲ್ಲ. ಅಲ್ಲಿನ ತಂತಿಯಲ್ಲಿ ಅವು ಸೆಕೆಂಡಿಗೆ 60 ಸಲ, ನಮ್ಮಲ್ಲಾದರೆ 50 ಸಲ, ಇದ್ದಲ್ಲೇ ಹಿಂದೆ ಮುಂದೆ ತೊನೆಯುತ್ತವೆ. ಮನೆಗೆ ಬಂದು ಮುಟ್ಟುವುದು ಶಕ್ತಿ, ಎಲೆಕ್ಟ್ರಾನಲ್ಲ. ಮಾರಾಟಗಾರ ದಿವಾಳಿಯಾದರೂ ದೀಪ ಆರದು. ನಿಯಮದ ಪ್ರಕಾರ ಇನ್ನೊಂದು ಕಂಪನಿ ಆ ಮನೆಗಳನ್ನು ವಹಿಸಿಕೊಳ್ಳುತ್ತದೆ.

ಈಗ ಬಿಲ್ಲಿಗೆ ಬರೋಣ. ಪ್ರತಿ ಪ್ಲಾನಿಗೂ ಒಂದು ಮಾಹಿತಿ ಪತ್ರ ಇರಲೇಬೇಕು. ತಿಂಗಳಿಗೆ 500, 1000, 2000 ಯೂನಿಟ್ ಬಳಸಿದರೆ ಸರಾಸರಿ ದರ ಎಷ್ಟು ಬೀಳುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಜನ ಹೆಚ್ಚಾಗಿ ನೋಡುವುದು 1000ದ ದರವನ್ನು. ಅದು ಮಾರಾಟಗಾರರಿಗೂ ಗೊತ್ತು. ಹಾಗಾಗಿ ಕೆಲವರು ಸರಿಯಾಗಿ 1000 ಮುಟ್ಟಿದ ಕ್ಷಣಕ್ಕೆ ಒಂದು ರಿಯಾಯಿತಿ ಇಟ್ಟಿರುತ್ತಾರೆ.

ಲೆಕ್ಕಕ್ಕೆ ಒಂದು ಪ್ಲಾನ್ ಕಲ್ಪಿಸಿಕೊಳ್ಳಿ. ಕರೆಂಟಿಗೆ ಯೂನಿಟ್ಟಿಗೆ 15 ಸೆಂಟ್, ತಂತಿಯವರಿಗೆ 5 ಸೆಂಟ್, ತಿಂಗಳಿಗೆ 4 ಡಾಲರ್ ನಿಗದಿತ ಶುಲ್ಕ. 1000 ಯೂನಿಟ್ ಮುಟ್ಟಿದರೆ 100 ಡಾಲರ್ ಕಡಿತ. ಸಾವಿರ ಯೂನಿಟ್ಟಿಗೆ ಬಿಲ್ 104 ಡಾಲರ್. ಜಾಹೀರಾತಿನಲ್ಲಿ ‘ಯೂನಿಟ್ಟಿಗೆ 10.4 ಸೆಂಟ್’ ಎಂದು ದೊಡ್ಡಕ್ಷರದಲ್ಲಿ ಹಾಕಲು ಇಷ್ಟು ಸಾಕು. 999 ಯೂನಿಟ್ಟಿಗೆ? 203 ಡಾಲರ್ 80 ಸೆಂಟ್! ಇನ್ನೂ ಸೋಜಿಗವೆಂದರೆ, 500 ಯೂನಿಟ್ಟಿಗೂ ಬಿಲ್ 104 ಡಾಲರೇ. ಪಕ್ಕದ ಮನೆಯವರು ಎರಡು ಪಟ್ಟು ಉರಿಸಿ ಅಷ್ಟೇ ಹಣ ಕಟ್ಟುತ್ತಾರೆ.

ನಮ್ಮ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲೂ 200 ಯೂನಿಟ್ಟಿನ ಇಂಥದೇ ಒಂದು ಗೆರೆ ಇದೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದರೆ ಅದು ಕನಿಷ್ಠಪಕ್ಷ ಹೆಚ್ಚು ಉರಿಸಬೇಡಿ ಎನ್ನುತ್ತದೆ. ಟೆಕ್ಸಾಸಿನ ಗೆರೆ, ತಿಂಗಳ ಕೊನೆಯ ದಿನ ಎ.ಸಿ. ಆರಿಸಿದವರ ಜೇಬಿಗೇ ಕೈ ಹಾಕುತ್ತದೆ. ಮಿತವಾಗಿ ಬಳಸುವವರನ್ನು ಹೀಗೆ ದಂಡಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

‘ರಾತ್ರಿ ಉಚಿತ’ ಪ್ಲಾನುಗಳ ಕಥೆಯೂ ಕುತೂಹಲದ್ದು. ಪಶ್ಚಿಮ ಟೆಕ್ಸಾಸಿನಲ್ಲಿ ರಾತ್ರಿ ಗಾಳಿ ಜೋರು. ಗಾಳಿ ವಿದ್ಯುತ್ ಮಿಕ್ಕಿ ಸಗಟು ದರ ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಹಾಗಾಗಿ ಮಾರಾಟಗಾರರು ರಾತ್ರಿ ಉಚಿತವಾಗಿ ಬಿಟ್ಟುಕೊಟ್ಟು, ಅದನ್ನು ಹಗಲಿನ ದರದಲ್ಲಿ ವಸೂಲಿ ಮಾಡುತ್ತಾರೆ. ಸಗಟು ದರ ಏರಿದರೆ ಏನಾಗುತ್ತದೆಂದು 2021ರ ಫೆಬ್ರವರಿಯ ಹಿಮಗಾಳಿ ತೋರಿಸಿತು. ಆಗ ಆ ದರ ಯೂನಿಟ್ಟಿಗೆ 9 ಡಾಲರಿನ ಗರಿಷ್ಠ ಮಿತಿ ಮುಟ್ಟಿ, ನೇರ ಸಗಟು ದರದ ಪ್ಲಾನಿನಲ್ಲಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಅಂಥ ಪ್ಲಾನುಗಳನ್ನು ಮನೆಗಳಿಗೆ ಮಾರದಂತೆ ಅದೇ ವರ್ಷ ಕಾನೂನು ಬಂತು.

ಮಗಳಿಗೆ ಹೀಗೆ ತಿಳಿಸಿ: ಅಲ್ಲಿನ ಸ್ಮಾರ್ಟ್ ಮೀಟರ್ 15 ನಿಮಿಷಕ್ಕೊಮ್ಮೆ ಬಳಕೆ ಬರೆದಿಡುತ್ತದೆ. ಹಿಂದಿನ 12 ತಿಂಗಳ ಯೂನಿಟ್ ತೆಗೆದು, ಹೊಸ ಪ್ಲಾನಿನ ಬಿಲ್ಲನ್ನು ತಿಂಗಳು ತಿಂಗಳಾಗಿ ಲೆಕ್ಕ ಹಾಕಲಿ. ಎ.ಸಿ.ಯೂ ಹೀಟರೂ ಬೇಡದ ಏಪ್ರಿಲ್, ನವೆಂಬರ್ ತಿಂಗಳುಗಳು ಸಾವಿರದ ಕೆಳಗೆ ಬೀಳುತ್ತವೆಯೇ ನೋಡಲಿ. ಬೀಳುತ್ತಿದ್ದರೆ ರಿಯಾಯಿತಿಯ ಗೊಡವೆಯಿಲ್ಲದ, ಒಂದೇ ದರದ ಪ್ಲಾನ್ ಒಳ್ಳೆಯದು. ಕರಾರು ಮುಗಿಯಲು 14 ದಿನ ಇರುವಾಗಿನಿಂದ ದಂಡ ಕಟ್ಟದೆ ಬದಲಾಯಿಸಬಹುದು.