ಗುಜರಿ ಟರ್ಬೊಚಾರ್ಜರ್: ಕೊಂಡ ಬೆಲೆ, ತಗಲುವ ವೆಚ್ಚ

ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿಯಂತಹ ಮಾರುಕಟ್ಟೆಗಳಲ್ಲಿ ಇಂದು ಕಾರಿನ ಟರ್ಬೊಚಾರ್ಜರ್ ಅಪರೂಪದ ವಸ್ತುವಲ್ಲ. ಇದಕ್ಕೆ ಕಾರಣ ಸರಳವಾದುದು. ಫಿಯೆಟ್ ಮೂಲದ 1.3 ಲೀಟರಿನ ಒಂದೇ ಡೀಸೆಲ್ ಎಂಜಿನ್ 2000ದ ದಶಕದ ಉತ್ತರಾರ್ಧದಿಂದ ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೊ ಮೊದಲಾದ ಹಲವು ಕಾರುಗಳಲ್ಲಿ ಟರ್ಬೊ ಸಮೇತ ಮಾರಾಟವಾಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಮಾನದಂಡ ಜಾರಿಗೆ ಬಂದಾಗ ಮಾರುತಿ ಸಂಸ್ಥೆಯು ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು. ಅಂದು ರಸ್ತೆಗಿಳಿದ ಕಾರುಗಳು ವಯಸ್ಸಾಗಿ, ಅಪಘಾತಕ್ಕೀಡಾಗಿ, ಈಗ ಗುಜರಿಗೆ ಬರುತ್ತಿವೆ.

ಪೂರೈಕೆ ಹೆಚ್ಚಿದಂತೆ ಹೊಸದೊಂದು ಬೇಡಿಕೆಯೂ ಹುಟ್ಟಿಕೊಂಡಿದೆ. ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಕಾರಿಗೆ ಗುಜರಿಯ ಟರ್ಬೊ ಜೋಡಿಸಿ, ಕಡಿಮೆ ಖರ್ಚಿನಲ್ಲಿ ಹೆಚ್ಚು ಶಕ್ತಿ ಪಡೆಯಬೇಕೆಂಬ ಹಂಬಲ ಅದು. ಗಿರಾಕಿಯು ಗ್ಯಾರೇಜಿಗೆ ಬಂದು ಕೇಳುವುದು ಟರ್ಬೊದ ಬೆಲೆಯನ್ನು ಮಾತ್ರ. ಒಟ್ಟು ವೆಚ್ಚದ ಪಟ್ಟಿಯಲ್ಲಿ ಅತ್ಯಂತ ಅಗ್ಗದ ಬಾಬತ್ತು ಬಹುಶಃ ಅದೊಂದೇ.

ಗಾಳಿಯ ಲೆಕ್ಕ

ಎಂಜಿನ್ನಿನಿಂದ ಹೊರಬಿದ್ದು ವ್ಯರ್ಥವಾಗುವ ಹೊಗೆಯ ಬಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವುದು ಟರ್ಬೊದ ತತ್ತ್ವ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಈ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ಬೇರಿಂಗಿನೊಳಗಿನ ತೆಳುವಾದ ಎಣ್ಣೆಯ ಪದರ ಮಾತ್ರ.

ವಾತಾವರಣದ ಒತ್ತಡಕ್ಕೆ ಇನ್ನರ್ಧ ಸೇರಿಸಿದರೆ ಗಾಳಿಯೂ ಶಕ್ತಿಯೂ ಒಂದೂವರೆ ಪಟ್ಟಾಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇರುವ ಗಾಳಿಯು ಸಾಧಾರಣ ದಕ್ಷತೆಯ ಕಂಪ್ರೆಸರ್ ದಾಟುವಾಗ 85 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಬಿಸಿ ಗಾಳಿ ಹಗುರ. ಆದಕಾರಣ ನೈಜ ಹೆಚ್ಚಳ ಶೇ. 50ರಷ್ಟಾಗದೆ ಶೇ. 25ರಷ್ಟಕ್ಕೆ ಇಳಿಯುತ್ತದೆ. ನಡುವೆ ಇಂಟರ್‌ಕೂಲರ್ ಇಟ್ಟು 45 ಡಿಗ್ರಿಗೆ ತಣಿಸಿದಲ್ಲಿ ಶೇ. 40ರವರೆಗೆ ತಲುಪಬಹುದು. ಇಂಟರ್‌ಕೂಲರಿಗೂ ಅದರ ಕೊಳವೆಗಳಿಗೂ ಬೇರೆ ಹಣ ತೆರಬೇಕು.

ಮುಂದಿನ ಖರ್ಚುಗಳು ಒಂದರ ಬೆನ್ನಿಗೊಂದು ಬರುತ್ತವೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಹೆಚ್ಚದಿದ್ದಲ್ಲಿ ಎಂಜಿನ್ ಬಡಿಯತೊಡಗಿ ಪಿಸ್ಟನ್ ಕರಗುತ್ತದೆ. ಆದ್ದರಿಂದ ದೊಡ್ಡ ಇಂಜೆಕ್ಟರ್, ಹೆಚ್ಚು ಸಾಮರ್ಥ್ಯದ ಪಂಪು ಬೇಕಾಗುತ್ತವೆ. ಮೂಲ ಕಂಪ್ಯೂಟರಿನ ಒತ್ತಡ ಸಂವೇದಕವು ಸಾಮಾನ್ಯವಾಗಿ ವಾತಾವರಣದ ಒತ್ತಡದವರೆಗೆ ಮಾತ್ರ ಅಳೆಯುತ್ತದೆ. ಅದರಾಚೆಗಿನದು ಅದಕ್ಕೆ ಕಾಣುವುದೇ ಇಲ್ಲ. ಎಣ್ಣೆ ಒಯ್ಯುವ ಮತ್ತು ಮರಳಿ ಇಳಿಸುವ ಕೊಳವೆಗಳನ್ನು ಹೊಸದಾಗಿ ಅಳವಡಿಸಬೇಕು, ಹೊಗೆಯ ಮ್ಯಾನಿಫೋಲ್ಡನ್ನು ಬೆಸುಗೆ ಹಾಕಿ ತಯಾರಿಸಬೇಕು. ಕ್ಲಚ್ ಮತ್ತು ಗೇರ್‌ಬಾಕ್ಸ್ ಮೊದಲಿನವೇ, ಬ್ರೇಕುಗಳೂ ಮೊದಲಿನವೇ.

ಕಾರ್ಖಾನೆಯೇ ಸೋತ ಪ್ರಸಂಗ

ಎಂಜಿನ್ನನ್ನು ತಯಾರಿಸಿದವರಿಗೂ ಈ ಲೆಕ್ಕ ತಪ್ಪಬಹುದೆಂಬುದಕ್ಕೆ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಸಾಕ್ಷಿ. ಜನರಲ್ ಮೋಟಾರ್ಸ್ ಸಂಸ್ಥೆ 1962ರಲ್ಲಿ ಬಿಡುಗಡೆ ಮಾಡಿದ ಈ ಕಾರು ಟರ್ಬೊ ಹೊಂದಿದ ಮೊದಲ ಪ್ರಯಾಣಿಕ ಕಾರುಗಳಲ್ಲೊಂದು. ಇದರ ಎಂಜಿನ್ನಿನ ಸಂಕೋಚನ ಅನುಪಾತ 10.25ರಷ್ಟಿತ್ತು. ಟರ್ಬೊ ಎಂಜಿನ್ನಿಗೆ ಆ ಕಾಲದಲ್ಲಿ ಇದು ಅತಿಯಾದ ಪ್ರಮಾಣ. ಎಂಜಿನ್ ಬಡಿಯದಂತೆ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಪ್ರತ್ಯೇಕ ತೊಟ್ಟಿಯಿಂದ ಸಿಂಪಡಿಸುವ ಏರ್ಪಾಡು ಮಾಡಲಾಯಿತು. ಮಾಲೀಕರು ಆ ತೊಟ್ಟಿಯನ್ನು ತುಂಬಿಸಲು ಮರೆತರು. ದೂರುಗಳು ಹೆಚ್ಚಿದವು, ಮರುವರ್ಷವೇ ಮಾದರಿಯನ್ನು ನಿಲ್ಲಿಸಲಾಯಿತು. 1965ರಲ್ಲಿ ಸಂಸ್ಥೆಯೇ ಟರ್ಬೊ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಜೋಡಿಸಿಕೊಡುವ ಉಚಿತ ಸೌಲಭ್ಯ ಒದಗಿಸಬೇಕಾಯಿತು. 1962ರಲ್ಲೇ ಅದೇ ಸಂಸ್ಥೆಯಿಂದ ಹೊರಬಂದ ಟರ್ಬೊ ಸಹಿತ ಕೋರ್ವೇರ್ ಕಾರಿನಲ್ಲಿ ಸಂಕೋಚನ ಅನುಪಾತವನ್ನು ಮೊದಲೇ ತಗ್ಗಿಸಲಾಗಿತ್ತು. ಅದು 1966ರವರೆಗೂ ಮಾರುಕಟ್ಟೆಯಲ್ಲಿ ಉಳಿಯಿತು. ಇಂದಿನ ಸಾಮಾನ್ಯ ಪೆಟ್ರೋಲ್ ಕಾರುಗಳ ಅನುಪಾತವು ಜೆಟ್‌ಫೈರ್‌ನದಕ್ಕೆ ಹತ್ತಿರ, ಕೆಲವದರಲ್ಲಿ ಇನ್ನೂ ಹೆಚ್ಚು ಎಂಬುದನ್ನು ಗಮನಿಸಬೇಕು.

ಆರಿಸುವ ಬಗೆ

ಗುಜರಿಗೆ ಬಂದ ಟರ್ಬೊ ಏಕೆ ಬಂತು ಎಂಬುದು ಕೊಳ್ಳುವವನ ಮೊದಲ ಪ್ರಶ್ನೆಯಾಗಿರಬೇಕು. ಅಪಘಾತದಲ್ಲಿ ಮುಂಭಾಗವಲ್ಲದ ಕಡೆ ಜಖಂಗೊಂಡ ವಾಹನದ ಟರ್ಬೊ ಸುಸ್ಥಿತಿಯಲ್ಲಿರುವ ಸಂಭವ ಹೆಚ್ಚು. ಎಂಜಿನ್ ಸವೆದು ಗುಜರಿ ಸೇರಿದ ವಾಹನದ್ದಾದರೆ, ಅದು ವರ್ಷಗಟ್ಟಲೆ ಕೊಳಕು ಎಣ್ಣೆಯನ್ನೇ ಕುಡಿದಿರುತ್ತದೆ. ದಂಡವನ್ನು ಬೆರಳಿನಿಂದ ಹಿಂದೆಮುಂದೆ ಎಳೆದಾಗ ಅಲುಗಾಟ ಕೈಗೆ ತಿಳಿಯಬಾರದು. ಅಡ್ಡಡ್ಡ ಅಲುಗಾಟ ಅತ್ಯಲ್ಪವಿದ್ದರೆ ದೋಷವಲ್ಲ; ಆದರೆ ರೆಕ್ಕೆಗಳು ಕವಚಕ್ಕೆ ತಾಗಿದ ಗೀರು ಕಂಡರೆ ಅಲ್ಲಿಗೇ ಬಿಡುವುದು ಲೇಸು. ಎಣ್ಣೆಯ ರಂಧ್ರದಲ್ಲಿ ಮಸಿಗಟ್ಟಿದ್ದರೂ, ಬಿಸಿ ಭಾಗದ ಕವಚ ಬಿರುಕು ಬಿಟ್ಟಿದ್ದರೂ ಅದೇ ಮಾತು.

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮಾರುಕಟ್ಟೆಯಲ್ಲಿ ಹೇರಳವಾಗಿರುವುದು ಡೀಸೆಲ್ ಕಾರಿನ ಟರ್ಬೊ. ಪೆಟ್ರೋಲ್ ಎಂಜಿನ್ನಿನ ಹೊಗೆ ಡೀಸೆಲ್‌ನದಕ್ಕಿಂತ ಹೆಚ್ಚು ಬಿಸಿ. ಪೂರ್ಣ ಭಾರದಲ್ಲಿ 900 ಡಿಗ್ರಿಯನ್ನು ಮೀರುವುದುಂಟು. ಡೀಸೆಲ್‌ಗೆಂದು ಎರಕ ಹೊಯ್ದ ಕವಚ, ಅದರಲ್ಲೂ ಒಳಗೆ ಚಲಿಸುವ ರೆಕ್ಕೆಗಳಿರುವ ಮಾದರಿ, ಈ ಶಾಖಕ್ಕೆ ಬಹುಕಾಲ ತಾಳುವುದು ಕಷ್ಟ. ಅಗ್ಗವೆಂದು ಕೊಂಡ ವಸ್ತುವು ಹೀಗೆ ಉಪಯೋಗಕ್ಕೇ ಹೊಂದದಿರಬಹುದು.

ಕಾನೂನಿನ ಬಾಬತ್ತು

ಮೇಲಿನ ಖರ್ಚುಗಳೆಲ್ಲವನ್ನೂ ಗಿರಾಕಿ ಭರಿಸಲು ಸಿದ್ಧನೆಂದೇ ಇಟ್ಟುಕೊಳ್ಳೋಣ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದವುಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಸಿ.ಎನ್.ಜಿ., ಎಲ್.ಪಿ.ಜಿ., ವಿದ್ಯುತ್ ಮುಂತಾದ ಬೇರೆ ಇಂಧನಕ್ಕೆ ಪರಿವರ್ತಿಸಲು ಕಾಯಿದೆಯಲ್ಲಿ ಷರತ್ತುಬದ್ಧ ಅವಕಾಶವಿದೆ. ಟರ್ಬೊ ಜೋಡಣೆ ಅದರೊಳಗೆ ಬರುವುದಿಲ್ಲ. ಹೊಗೆ ತಪಾಸಣೆಯ ಪ್ರಮಾಣಪತ್ರ ದೊರೆತಿದೆ ಎಂಬುದು ಇದಕ್ಕೆ ಉತ್ತರವಾಗದು.

2019ರ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಗ್ಯಾರೇಜು ನಡೆಸುವ ಸದಸ್ಯರು ಗಮನಿಸಬೇಕಾದ ಅಂಶ ಇದರ ಮೊದಲ ಉಪಪ್ರಕರಣದಲ್ಲಿದೆ. ನಿಯಮಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವ ಡೀಲರಿಗೆ ಪ್ರತಿ ವಾಹನಕ್ಕೆ ಒಂದು ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡೂ. ಇದೇ ಕಾಯಿದೆಯ ವ್ಯಾಖ್ಯೆಯಲ್ಲಿ ಡೀಲರ್ ಎಂಬ ಪದವು ವಾಹನ ದುರಸ್ತಿಯಲ್ಲಿ ತೊಡಗಿದವರನ್ನೂ ಒಳಗೊಳ್ಳುತ್ತದೆ. ಕೂಲಿಯಾಗಿ ಕೆಲವು ಸಾವಿರ ಸಂಪಾದಿಸಲು ಲಕ್ಷದ ಹೊಣೆ ಹೊರುವುದು ಯಾವ ವ್ಯಾಪಾರ?

ವಿಮೆಯ ಪರಿಣಾಮ ಇದಕ್ಕಿಂತ ಭಾರವಾದುದು. ಮಾರ್ಪಾಡನ್ನು ತಿಳಿಸದೆ ಇದ್ದಲ್ಲಿ ಸ್ವಂತ ವಾಹನದ ನಷ್ಟದ ಕ್ಲೇಮನ್ನು ವಿಮಾ ಕಂಪೆನಿ ತಿರಸ್ಕರಿಸಬಹುದು. ಅಪಘಾತದಲ್ಲಿ ಮೂರನೆಯವರಿಗೆ ಹಾನಿಯಾದರೆ, ಪಾಲಿಸಿಯ ಷರತ್ತು ಉಲ್ಲಂಘನೆಯಾದ ಪ್ರಕರಣಗಳಲ್ಲಿ, ಕಂಪೆನಿಯು ಮೊದಲು ಪರಿಹಾರ ತೆತ್ತು ನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶವಾಗುವುದುಂಟು. ಒಂದು ಜೀವಹಾನಿಯ ಪರಿಹಾರದ ಮೊತ್ತ ಕುಟುಂಬವೊಂದರ ಉಳಿತಾಯವನ್ನೆಲ್ಲ ನುಂಗಬಲ್ಲದು.

ಬಿಲ್ಲು ಮತ್ತು ತೆರಿಗೆ

ಬಿಲ್ಲಿಲ್ಲದ ಬಿಡಿಭಾಗ ಅಗ್ಗವಾಗಿರುವುದಕ್ಕೆ ಒಮ್ಮೊಮ್ಮೆ ಬೇರೆಯೇ ಕಾರಣವಿರುತ್ತದೆ. ಕಳವಿನ ವಾಹನಗಳನ್ನು ಕಳಚುವ ತಾಣವೆಂದು ಕುಖ್ಯಾತವಾಗಿದ್ದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಪೊಲೀಸರು 2021ರ ಡಿಸೆಂಬರಿನಲ್ಲಿ ಮುಚ್ಚಿಸಿದರು. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಂಡವನು ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಡಿ ಅಪರಾಧಿಯಾಗುತ್ತಾನೆ.

ಬಿಲ್ಲು ಕೊಟ್ಟರೆ ತೆರಿಗೆಯ ಹೊರೆ ತಾಳಲಾಗದು ಎಂಬ ವರ್ತಕರ ಅಳಲು ಪೂರ್ತಿ ಸರಿಯಲ್ಲ. ಬಳಸಿದ ವಸ್ತುಗಳನ್ನು ಇದ್ದಂತೆಯೇ, ಅಥವಾ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರುವ ನೋಂದಾಯಿತ ವರ್ತಕರಿಗೆ ಜಿ.ಎಸ್.ಟಿ. ನಿಯಮ 32(5) ಅನುಕೂಲಕರವಾಗಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿರಬಾರದು ಎಂಬುದೊಂದು ಷರತ್ತು. 4,000 ರೂ.ಗೆ ಕೊಂಡ ಟರ್ಬೊವನ್ನು 7,000 ರೂ.ಗೆ ಮಾರಿದರೆ ತೆರಿಗೆ 3,000 ರೂ.ಗಳ ಮೇಲೆ ಮಾತ್ರ, ದರ ಶೇ. 18 ಎಂದಿಟ್ಟುಕೊಂಡರೆ 1,260 ರೂ. ಬದಲು 540 ರೂ. ಒಳಗಿನ ಚಕ್ರ, ದಂಡ, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿ ಮರುನಿರ್ಮಿಸಿದಲ್ಲಿ ಅದನ್ನು ಅಲ್ಪ ಸಂಸ್ಕರಣೆ ಎನ್ನಲಾದೀತೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು. ಇನ್ನು, ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಮಾಡಿಸಿದ ಇಂತಹ ಕೆಲಸವನ್ನು ದುರಸ್ತಿ ವೆಚ್ಚವೆಂದು ತೋರಿಸುವುದು ಸರಿಯಾಗದು. ಸಾಮರ್ಥ್ಯ ಹೆಚ್ಚಿಸುವ ವೆಚ್ಚ ಬಂಡವಾಳ ಸ್ವರೂಪದ್ದು.

ಈ ವ್ಯಾಪಾರಕ್ಕೆ ನ್ಯಾಯವಾದ ಕ್ಷೇತ್ರಗಳು ಇಲ್ಲವೆಂದಲ್ಲ. ರಸ್ತೆಗಿಳಿಯದೆ ಪಥದಲ್ಲಿ ಮಾತ್ರ ಓಡುವ ಸ್ಪರ್ಧಾ ಕಾರು ಅವುಗಳಲ್ಲೊಂದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಪಥಗಳು ಸಮೀಪದಲ್ಲೇ ಇವೆ. ಆದರೆ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಟರ್ಬೊ ಪೆಟ್ರೋಲ್ ಎಂಜಿನ್ನಿನ ಗಾತ್ರವನ್ನು 1.7ರಿಂದ ಗುಣಿಸುವ ಪರಿಪಾಠವಿದೆ, 1,300 ಸಿ.ಸಿ. ಕಾರು 2,210 ಸಿ.ಸಿ.ಯ ವರ್ಗಕ್ಕೆ ಹೋಗಿ ದೊಡ್ಡ ಕಾರುಗಳನ್ನು ಎದುರಿಸಬೇಕಾಗುತ್ತದೆ.

ಎರಡನೆಯದು, ಮೂಲತಃ ಟರ್ಬೊ ಇದ್ದ ವಾಹನಕ್ಕೆ ಕೆಟ್ಟುಹೋದುದರ ಬದಲು ಅದೇ ಮಾದರಿಯ ಬಳಸಿದ ಟರ್ಬೊ ಹಾಕಿಕೊಡುವುದು. ಟ್ಯಾಕ್ಸಿ, ಸರಕು ಸಾಗಣೆ ವಾಹನಗಳ ಮಾಲೀಕರಿಗೆ ಇದು ನಿಜವಾದ ಉಳಿತಾಯ. ನೋಂದಣಿ ವಿವರ ಬದಲಾಗುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಗಳ ಮೇರೆಗೆ ಸ್ಥಾಪಿತವಾಗುತ್ತಿರುವ ನೋಂದಾಯಿತ ಗುಜರಿ ಘಟಕಗಳು ವಾಹನ ಕಳಚಿದ್ದಕ್ಕೆ ಪ್ರಮಾಣಪತ್ರ ನೀಡುತ್ತವೆ. ಬಿಲ್ಲಿನಲ್ಲಿ ಆ ಪ್ರಮಾಣಪತ್ರದ ಸಂಖ್ಯೆ, ಟರ್ಬೊದ ಫಲಕದ ಮೇಲಿನ ಭಾಗ ಸಂಖ್ಯೆ ಮತ್ತು ಅದನ್ನು ಕಳಚಿದ ವಾಹನದ ನೋಂದಣಿ ಸಂಖ್ಯೆ, ಈ ಮೂರನ್ನೂ ನಮೂದಿಸುವ ವರ್ತಕನು ತುಸು ಹೆಚ್ಚಿನ ಬೆಲೆ ಕೇಳಿದರೂ ಕೊಡುವ ಗಿರಾಕಿಗಳಿದ್ದಾರೆ.