ನಿರಾಶ್ರಿತ ಯೋಧರ ಋಣ

ಹನುಮಸಾಗರವಿರುವ ಕುಷ್ಟಗಿ ಸೀಮೆಯು 1948ರ ಸೆಪ್ಟೆಂಬರ್ 17ರವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. ಭಾರತೀಯ ಸೇನೆ ನಮ್ಮನ್ನು ಬಿಡಿಸಿತು. ಸಂವಿಧಾನವು ಅರ್ಜಿ ಕೇಳದೆಯೇ ಪೌರತ್ವವಿತ್ತಿತು.

ನಮ್ಮದೇ ರಾಜ್ಯದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿರುವ ಟಿಬೆಟಿಯನ್ನರಿಗೆ ಅದು ಅಷ್ಟು ಸುಲಭವಾಗಿರಲಿಲ್ಲ. 1962ರಲ್ಲಿ ಭಾರತವು ಟಿಬೆಟಿ ನಿರಾಶ್ರಿತರನ್ನು ಸೇರಿಸಿಕೊಂಡು ವಿಶೇಷ ಗಡಿ ಪಡೆಯನ್ನು ಕಟ್ಟಿತು. 1971ರ ಯುದ್ಧದಲ್ಲಿ ಆ ಯೋಧರು ಚಿತ್ತಗಾಂಗ್ ಗುಡ್ಡಗಾಡಿನಲ್ಲಿ ಭಾರತಕ್ಕಾಗಿ ಪ್ರಾಣ ತೆತ್ತರು.

ಸೇನಾಸೇವೆಯೊಂದೇ ಅವರನ್ನು ಪ್ರಜೆಗಳನ್ನಾಗಿಸಲಿಲ್ಲ. 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಜನಿಸಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. ಟಿಬೆಟಿನಲ್ಲೇ ಹುಟ್ಟಿ ಬಂದ ವೃದ್ಧ ಯೋಧನಿಗೆ ಈ ತೀರ್ಪು ಅನ್ವಯಿಸದು.

ದೇಶಪ್ರೇಮವು ಕಾಗದಪತ್ರದಿಂದ ಹುಟ್ಟುವುದಿಲ್ಲ. ಪ್ರಿಯ ವಾಚಕರೇ, ಗಣರಾಜ್ಯೋತ್ಸವದ ಸಂಜೆ ನಮ್ಮ ಮನೆಗಳ ಪ್ರಾರ್ಥನೆಯಲ್ಲಿ ಈ ಯೋಧರಿಗೂ ಸ್ಥಾನವಿರಲಿ.